ಮೊದಲ ತಿಂಗಳಲ್ಲಿ ಕತ್ತರಿಸಿದ ಕೂದಲು

ಬಾಗಿಲು ತೆರೆದ ಸೂಮೆಯ ತಲೆಗೆ ಟವೆಲ್ ಸುತ್ತಿತ್ತು. ಸ್ನಾನ ಮಾಡಿದ್ದಾಳೆ ಎಂದು ಬೇರೆ ಯಾರಾದರೂ ನಂಬುತ್ತಿದ್ದರೇನೋ. ದೆಶಂಗ್ ಇಪ್ಪತ್ತೆರಡು ವರ್ಷದಿಂದ ಕ್ಷೌರದ ಕತ್ತರಿ ಹಿಡಿದವನು. ಕಿವಿಯ ಹತ್ತಿರ ಟವೆಲ್ಲಿನಿಂದ ಇಣುಕಿದ ನಾಲ್ಕು ಕೂದಲೇ ಅವನಿಗೆ ಎಲ್ಲ ಚಾಡಿ ಹೇಳಿಬಿಟ್ಟವು.

"ಸೀಗಡಿ ಕತ್ತರಿಸೋ ಕತ್ತರಿ ತಾನೆ?" ಎಂದ.

ಸುಳ್ಳು ಹೇಳುವುದಕ್ಕೂ ಅವಳಿಗೆ ತ್ರಾಣವಿರಲಿಲ್ಲ. ಟವೆಲ್ ಬಿಚ್ಚಿದಳು.

ಎಡಗಡೆ ಕಿವಿಯವರೆಗೆ, ಬಲಗಡೆ ಭುಜದವರೆಗೆ. ಬೆನ್ನ ಮೇಲೆ ಅರ್ಧ ಜಡೆ ಹಾಗೇ ಉಳಿದಿತ್ತು. ದೆಶಂಗನಿಗೆ ನಗು ಗಂಟಲವರೆಗೂ ಬಂತು. ಅವಳ ಕಣ್ಣು ನೋಡಿ ನುಂಗಿಕೊಂಡ. ನುಂಗಿಕೊಂಡ ಮೇಲೆ ಕಂಡದ್ದು ಅವಳ ಕತ್ತು. ಆರು ವರ್ಷದಿಂದ ಕದ್ದು ನೋಡುತ್ತಿದ್ದ ಹೆಂಗಸಿನ ಕಿವಿಯ ಕೆಳಗೆ ಒಂದು ಮಚ್ಚೆ ಇದೆ ಎಂದು ಇವತ್ತು ಗೊತ್ತಾಯಿತು.

ಚೀನೀ ಹೊಸ ವರ್ಷದ ಮೊದಲ ತಿಂಗಳು ಇನ್ನೂ ಮುಗಿದಿರಲಿಲ್ಲ. ಆ ತಿಂಗಳಲ್ಲಿ ಕೂದಲು ಕತ್ತರಿಸಿಕೊಂಡವರ ಸೋದರಮಾವ ಸಾಯುತ್ತಾನೆ ಅನ್ನುವುದು ಅವರ ಬಂದರು ಊರು ಯಾಂಟಾಯ್‌ನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಂಬುವವರೂ ಕತ್ತರಿಸಿಕೊಳ್ಳುವುದಿಲ್ಲ, ನಂಬದವರೂ ಇಲ್ಲ. ಮಾವನ ಬಾಯಿಗೆ ಸುಮ್ಮನೆ ಯಾಕೆ ಬೀಳುವುದು ಅಂತ. ದೆಶಂಗನ ಅಂಗಡಿಯಲ್ಲಿ ಆಗ ನೊಣ ಹೊಡೆಯುವ ಕೆಲಸ, ಆ ಚಳಿಗೆ ನೊಣವೂ ಇರುವುದಿಲ್ಲ. ಗಡ್ಡಕ್ಕೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಮೂರು ದಿನಕ್ಕೊಮ್ಮೆ ಅವನು ನಾಲ್ಕು ಮಹಡಿ ಹತ್ತಿ ಬಂದು ಲೂ ಮೇಸ್ತ್ರಿಯ ಗಡ್ಡ ಹೆರೆದು ಹೋಗುತ್ತಿದ್ದ. ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ ಮೇಸ್ತ್ರಿ ಸೂಮೆಯ ಸೋದರಮಾವ. ತಾಯಿತಂದೆ ಇಲ್ಲದ ಅವಳನ್ನು ಸಾಕಿದವನು. ಹೋದ ಶರತ್ಕಾಲದಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ.

ಅವನನ್ನು ಎತ್ತಿ ಕೂರಿಸುವಾಗಲೆಲ್ಲ ಅವನ ಸ್ವಾಧೀನವಿದ್ದ ಕೈ ಅವಳ ಜಡೆಗೆ ಸಿಕ್ಕಿಕೊಳ್ಳುತ್ತಿತ್ತಂತೆ. ಇವತ್ತು ಬೆಳಿಗ್ಗೆ ಇಬ್ಬರೂ ಮಂಚದ ಅಂಚಿಗೆ ಬಿದ್ದರಂತೆ. ಗಂಜಿ ಕುಡಿಸಿ ಬಂದು ಬಚ್ಚಲಿನ ಕನ್ನಡಿಯ ಮುಂದೆ ನಿಂತಳು. ಬಲಕ್ಕೆ ಸರಿಯಾಗಲೆಂದು ಎಡ, ಎಡಕ್ಕೆ ಸರಿಯಾಗಲೆಂದು ಬಲ, ಮತ್ತೆ ಎಡ. ಹಿಂದಿನದಕ್ಕೆ ಕೈ ಹಾಕಿದರೆ ಕನ್ನಡಿಯಲ್ಲಿ ಕಾಣುವುದು ಒಂದು ಕಡೆ, ಕತ್ತರಿ ಹೋಗುವುದು ಇನ್ನೊಂದು ಕಡೆ. ತೋಳು ಸೋತು ಬಿಟ್ಟುಬಿಟ್ಟಳು.

ಪುಟ್ಟ ಸ್ಟೂಲ್ ಎಳೆದುಕೊಂಡು ಅವನಿಗೆ ಬೆನ್ನು ಮಾಡಿ ಕೂತು, ಹಿಂದಿನದನ್ನು ಸರಿಮಾಡಿಕೊಡು ಎಂದಳು. ದೆಶಂಗ್ ಚೀಲ ಬಿಚ್ಚಲಿಲ್ಲ.

ಈ ಚಳಿಗಾಲದ ಮೊದಲಲ್ಲಿ ಅವನು ಅವಳನ್ನು ಮದುವೆಯಾಗು ಎಂದು ಕೇಳಿದ್ದ. ಮಾವ ಇರುವ ತನಕ ಈ ಮನೆ ಬಿಟ್ಟು ಬರುವುದಿಲ್ಲ ಎಂದಿದ್ದಳು. ಕಾಯುತ್ತೇನೆ ಎಂದು ಇವನು ದೊಡ್ಡ ಮನಸ್ಸಿನವನ ಹಾಗೆ ಹೇಳಿ ಬಂದಿದ್ದ. ಕಾಯುತ್ತಿರುವುದು ಯಾವುದಕ್ಕೆ ಅನ್ನುವುದು ಈಗ ಆ ಅರ್ಧ ಜಡೆಯ ಮುಂದೆ ನಿಂತಾಗ ಹೊಳೆಯಿತು.

"ಬೇರೆ ಯಾರದ್ದಾದ್ರೂ ಕತ್ತರಿಸ್ತಿದ್ದೆ. ನಿಂದು ಮುಟ್ಟಿದ್ರೆ, ಮೇಸ್ತ್ರಿಗಳು ಬೇಗ ಹೋಗ್ಲಿ ಅಂತ ನಾನೇ ಕೇಳ್ಕೊಂಡ ಹಾಗಾಗುತ್ತೆ, ಸೂಮೆ."

ಅವಳು ತಿರುಗಲಿಲ್ಲ.

"ನಾನು ಕೇಳ್ಕೊಂಡಿದೀನಿ," ಎಂದಳು. "ಹೋದ ವಾರ, ಅವರ ಬಟ್ಟೆ ಒಗೀತಾ. ಸಾಕು, ಮುಗೀಲಿ ಅನ್ನಿಸಿಬಿಡ್ತು. ಇವತ್ತು ಕತ್ತರಿ ತಗೊಂಡಿದ್ದು ಜಡೆಗೋಸ್ಕರಾನೋ ಅದಕ್ಕೋಸ್ಕರಾನೋ, ನನಗೇ ಗೊತ್ತಾಗ್ತಿಲ್ಲ."

ಲಕ್ವ ಹೊಡೆದದ್ದು ಮೇಸ್ತ್ರಿಯ ಕೈಕಾಲಿಗೆ, ಕಿವಿಗಲ್ಲ. ಒಳಗಿನಿಂದ ಮಂಚ ಬಡಿಯುವ ಸದ್ದಾಯಿತು. ಇಬ್ಬರೂ ಕಳ್ಳರ ಹಾಗೆ ಹೋಗಿ ನಿಂತರು.

ಬಾಯಿ ಒಂದು ಕಡೆಗೆ ಜಾರುತ್ತಿತ್ತು, ಆದರೂ ಮೇಸ್ತ್ರಿ ಬಿಡಲಿಲ್ಲ. "ಸಾಯಬೇಕಾದೋನು ನಾನು. ನನ್ನನ್ನ ಒಂದು ಮಾತು ಕೇಳಿದ್ರಾ?"

ಸೂಮೆ ತಲೆ ತಗ್ಗಿಸಿದಳು. ಅವನು ಅವಳ ಮೊಂಡು ಕೂದಲನ್ನು ಬಹಳ ಹೊತ್ತು ನೋಡಿದ.

"ನನಗೂ ಅನ್ನಿಸುತ್ತೆ ಕಣೇ, ದಿನಾ ಅನ್ನಿಸುತ್ತೆ. ಅಷ್ಟರಲ್ಲಿ ಗಂಜಿ ತರ್ತೀಯ, ಕುಡೀತೀನಿ." ಆಮೇಲೆ ದೆಶಂಗನ ಕಡೆ ತಿರುಗಿದ. "ಕತ್ತರಿಸೋ. ಈ ಅವತಾರ ನೋಡ್ಕೊಂಡು ಇನ್ನೊಂದು ದಿನ ಬದುಕೋದು ಕಷ್ಟ."

ಸೂಮೆ ನಕ್ಕಳು. ನಗುತ್ತಲೇ ಅಳು ಬಂತು, ತಿಂಗಳುಗಟ್ಟಲೆ ಬಾರದಿದ್ದದ್ದು. ಮುಖ ಒರೆಸಿಕೊಳ್ಳದೆಯೇ ದೆಶಂಗನಿಗೆ ಹೇಳಿದಳು:

"ಅವತ್ತು ನಾನು ಹೇಳಿದ್ದು ತಪ್ಪು. ಮಾವ ಹೋಗೋದನ್ನ ನೀನು ಕಾಯೋ ಹಾಗೆ ಮಾಡಿದೆ. ನನಗೆ ಒಬ್ಬಳಿಗೇ ಆಗ್ತಿಲ್ಲ, ದೆಶಂಗ್. ನೀನೇ ಇಲ್ಲಿಗೆ ಬಂದುಬಿಡು. ಮಾವ ಇರೋವಾಗ್ಲೇ ಬಾ."

ದೆಶಂಗ್ ಮಂಚದ ಪಕ್ಕಕ್ಕೇ ಸ್ಟೂಲ್ ತಂದಿಟ್ಟು, ಅವಳನ್ನು ಕೂರಿಸಿ, ಚೀಲ ಬಿಚ್ಚಿದ. ಅರ್ಧ ಜಡೆ ಬಿಡಿಸಿ ಬಾಚಿದ. ಅಂಗಡಿಯಲ್ಲಿ ಅವನ ಕೈ ಬಲು ಚುರುಕು. ಇಲ್ಲಿ ಒಂದೊಂದು ಎಳೆಯನ್ನೂ ಎರಡೆರಡು ಸಲ ಬಾಚುತ್ತಿದ್ದ. ಆ ಮಚ್ಚೆಯ ಹತ್ತಿರ ಬಂದಾಗಲಂತೂ ಕತ್ತರಿ ಸುಮ್ಮನೆ ಗಾಳಿಯನ್ನು ಕತ್ತರಿಸುತ್ತಿತ್ತು. ಮೇಸ್ತ್ರಿ ನೋಡಿಯೂ ನೋಡದವನ ಹಾಗೆ ಕಿಟಕಿಯ ಕಡೆ ಮುಖ ಮಾಡಿದ್ದ.

ಹಿಂದಿನದು ಮುಗಿದು ಬಲಗಡೆಯೂ ಮುಗಿಯಿತು. ಅಷ್ಟರಲ್ಲಿ ಅವಳ ತಲೆ ನಿಧಾನವಾಗಿ ವಾಲಿ ಅವನ ಹೊಟ್ಟೆಗೆ ಒರಗಿತು. ದೆಶಂಗ್ ಬಗ್ಗಿ ನೋಡಿದ. ಬಾಯಿ ಅರ್ಧ ತೆರೆದು ಗಾಢ ನಿದ್ದೆಯಲ್ಲಿದ್ದಳು.

"ಅವಳು ಕೇಳಿದ್ದಕ್ಕೆ ಏನಂದೆ?" ಮೇಸ್ತ್ರಿ ಪಿಸುಗುಟ್ಟಿದ.

"ಹೇಳೋಷ್ಟರಲ್ಲಿ ನಿದ್ದೆ ಹೋದಳು."

"ನನಗೆ ಹೇಳು. ಎದ್ದ ಮೇಲೆ ತಿಳಿಸ್ತೀನಿ."

ದೆಶಂಗ್ ಒಂದು ಅಂಗೈಯನ್ನು ಅವಳ ಕೆನ್ನೆಯ ಕೆಳಗೆ ಆನಿಸಿ ಹಿಡಿದ. ಆರು ವರ್ಷ ಮೇಸ್ತ್ರಿಗಳೇ ಎಂದು ಕರೆದ ನಾಲಿಗೆ ಒಂದು ಕ್ಷಣ ತಡವರಿಸಿತು.

"ಬರ್ತೀನಿ, ಮಾವ."

ಎಡಗಡೆಯದು ಇನ್ನೂ ಬಾಕಿಯಿತ್ತು. ಅವಳು ತಾನಾಗಿ ಏಳುವವರೆಗೂ ಅವನು ಅಲ್ಲಾಡದೆ ನಿಂತಿದ್ದ.