ಮರಳು ತುಂಬಿದ ಶವಪೆಟ್ಟಿಗೆ

1921ರ ಮಾರ್ಚ್ 14, ಸೋಮವಾರ, ಬೆಳಿಗ್ಗೆ 8.20. ಅಕ್ರಾ ಪಟ್ಟಣದ ಸಾರ್ವಜನಿಕ ಸ್ಮಶಾನದ ಮೇಸ್ತ್ರಿ ಠಾಣೆಗೆ ಬಂದು ದೂರು ಕೊಟ್ಟ. ಸಿಡುಬು ರೋಗಿಗಳನ್ನು ಇಡುವ ಶೆಡ್ಡಿನಿಂದ ಬಂದ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ತಳದ ಹಲಗೆ ಕಳಚಿತ್ತು. ಒಳಗಿನಿಂದ ಸುರಿದದ್ದು ಮರಳು, ಜೊತೆಗೆ ಒಂದು ಅರೆಯುವ ಕಲ್ಲು.

"ಹೆಣ?" ಇನ್‌ಸ್ಪೆಕ್ಟರ್ ನೊರ್ಟೇ ಕೇಳಿದರು.

"ಅದನ್ನ ಕೇಳೋಕೇ ಬಂದಿದೀನಿ ಸ್ವಾಮಿ. ಹೂಳೋದು ನನ್ನ ಕೆಲಸ, ಹುಡುಕೋದು ನಿಮ್ಮದು."

9.30ಕ್ಕೆ ಗುಂಡಿಯ ಪಕ್ಕದಲ್ಲೇ ಪಂಚನಾಮೆ ಆಯಿತು. ಪೆಟ್ಟಿಗೆಯ ಚೀಟಿಯಲ್ಲಿದ್ದ ಹೆಸರು ದೆದೇಯ್. ವಯಸ್ಸು 52, ಮೀನಿಗೆ ಹೊಗೆ ಹಾಕಿ ಮಾರುವವಳು. ಭಾನುವಾರ ಮಧ್ಯಾಹ್ನ 2.10ಕ್ಕೆ ಸಾವು. ಸೋಮವಾರ ಮಧ್ಯಾಹ್ನದೊಳಗೆ ಬಿಳಿಯ ವೈದ್ಯಾಧಿಕಾರಿಯ ಆದೇಶ ಬಂತು: ಸಿಡುಬಿನ ಶವ ಪಟ್ಟಣದೊಳಗೆ ಎಲ್ಲಿದ್ದರೂ ಪತ್ತೆ ಹಚ್ಚಿ ಸ್ಮಶಾನಕ್ಕೆ ತರತಕ್ಕದ್ದು.

"ಕದ್ದು ಏನು ಮಾಡ್ತಾರೆ ಸಾರ್ ಹೆಣಾನ?" ಹೆಡ್ ಕಾನ್‌ಸ್ಟೇಬಲ್ ಗರ್ಬಾ ಕೇಳಿದ. ಅವನು ಉತ್ತರದ ಹೌಸಾ ಸೀಮೆಯವನು.

"ಮನೆಯೊಳಗೆ ಹೂಳ್ತಾರೆ. ಈ ಊರಿನ ನಾವು ಗಾ ಜನ ಮಾಡ್ತಿದ್ದದ್ದೇ ಹಾಗೆ. ಸರ್ಕಾರ ಅದನ್ನ ಅಪರಾಧ ಮಾಡಿ ಮೂವತ್ತು ವರ್ಷ ಆಯ್ತು. ನಮ್ಮಜ್ಜಿಯನ್ನ ನಾನು ಮಲಗೋ ಕೋಣೇಲೇ ಹೂತಿದ್ರು."

"ಅಯ್ಯೋ! ಆಮೇಲೂ ಅಲ್ಲೇ ಮಲಗ್ತಿದ್ರಾ?"

"ಅಜ್ಜಿ ಗೊರಕೆ ಹೊಡೀತಿರಲಿಲ್ಲ. ನಡಿ."

ಸಿಡುಬಿನ ಶೆಡ್ಡು ದೇಶೀಯರ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಮಂಚ ಹನ್ನೆರಡು, ರೋಗಿಗಳು ಮೂವತ್ತೊಂದು. ಉಳಿದವರು ಜಗಲಿಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದರು. ಅಷ್ಟೂ ಜನರನ್ನು ನೋಡಿಕೊಳ್ಳಲು ಇದ್ದವನು ಒಡೋಯ್ ಎಂಬ ಒಬ್ಬನೇ ಕಾಂಪೌಂಡರ್, ಇಪ್ಪತ್ತೆಂಟರ ಪ್ರಾಯದವನು.

"ಪೆಟ್ಟಿಗೆಗೆ ಮೊಳೆ ಹೊಡೆದದ್ದು ಯಾರು?"

"ನಾನೇ."

"ಆಗ ಹೆಣ ಒಳಗಿತ್ತಾ?"

"ಹೆಣ ಇಲ್ಲದೆ ಯಾರು ಮೊಳೆ ಹೊಡೀತಾರೆ ಸಾರ್?"

"ಸತ್ತವಳು ನಿನಗೇನಾಗಬೇಕು?"

"ರೋಗಿ," ಎಂದು ಒಡೋಯ್ ನೀರಿನ ಬಕೆಟ್ ಎತ್ತಿಕೊಂಡ.

ಪೆಟ್ಟಿಗೆ ಹೊತ್ತವರಿಗೆ ಅದು ಭಾರವಾಗಿತ್ತು ಎಂಬುದರ ಹೊರತು ಏನೂ ಗೊತ್ತಿರಲಿಲ್ಲ. ಆದರೆ ಕಾವಲುಗಾರ ಒಂದು ವಿಷಯ ಹೇಳಿದ. ರೋಗಿಗಳ ಚಾಪೆ, ಬಟ್ಟೆ ಸುಡಲು ಕಡಲತೀರಕ್ಕೆ ಒಯ್ಯುವ ಮುಚ್ಚಳದ ಗಾಡಿ ದಿನಕ್ಕೆ ಒಮ್ಮೆ ಹೋಗುತ್ತದೆ. ಭಾನುವಾರ ಎರಡು ಸಲ ಹೋಗಿತ್ತು. ಎರಡನೇ ಸಲ, ಸಂಜೆ ಐದಕ್ಕೆ, ಎಳೆದವನು ಕಾಂಪೌಂಡರ್.

15ರಂದು ನೊರ್ಟೇ ದೆದೇಯ್ ಮನೆಗೆ ಹೋದರು. ಅಂಗಳದ ಸುತ್ತ ಹತ್ತು ಕೋಣೆ, ಹತ್ತೊಂಬತ್ತು ಜನ. ಸತ್ತವಳ ಅಕ್ಕ, ನಾ ಕೊರ್ಕೊಯ್ ಎಂಬ ಮುದುಕಿ, ಬಾಗಿಲಲ್ಲಿ ಕೂತಿದ್ದಳು.

"ಬೂಟು ಬಿಚ್ಚಿ ಬಾ ಮಗನೆ. ಬಿಳಿಯರ ಬಟ್ಟೆ ಹಾಕ್ಕೊಂಡ್ರೆ ಕಾಲು ಬಿಳಿ ಆಗಲ್ಲ."

ನೊರ್ಟೇ ಬೂಟು ಬಿಚ್ಚಿದರು. ಹತ್ತೂ ಕೋಣೆಗಳ ನೆಲಕ್ಕೆ ಹೊಸದಾಗಿ ಕೆಮ್ಮಣ್ಣು ಬಳಿದಿತ್ತು, ಇನ್ನೂ ಹಸಿ ಇತ್ತು.

"ಎಲ್ಲಾ ಕೋಣೆ ಒಂದೇ ಸಲ ಸಾರಿಸಿದ್ದೀರಲ್ಲಜ್ಜಿ."

"ಸಾವಿನ ಮನೆ ಸಾರಿಸೋಕೂ ನಿನ್ನ ಅಪ್ಪಣೆ ಬೇಕಾ?"

ಹತ್ತು ಕೋಣೆ ಅಗೆಯಲು ಆಧಾರವಿರಲಿಲ್ಲ. ನೊರ್ಟೇ ಬರಿಗೈಯಲ್ಲಿ ವಾಪಸಾದರು.

17ರಂದು ಆಸ್ಪತ್ರೆಯ ಉಗ್ರಾಣದ ದಾಸ್ತಾನು ಪುಸ್ತಕ ತರಿಸಿದರು. 13ನೇ ತಾರೀಖಿನಲ್ಲಿ ಸುಣ್ಣದ ಒಂದು ಮೂಟೆ ಕಡಿಮೆ. ಇಪ್ಪತ್ತು ಜನರಿಗಾಗುವಷ್ಟು ಸಿಡುಬಿನ ಲಸಿಕೆಯ ಸೀಸೆ 'ಒಡೆದುಹೋಗಿದೆ' ಎಂದು ಬರೆದಿತ್ತು. ಎರಡಕ್ಕೂ ಒಡೋಯ್ ಸಹಿ ಇತ್ತು.

"ಹೆಣ ಕದಿಯೋನಿಗೆ ಲಸಿಕೆ ಯಾಕೆ ಸಾರ್?" ಎಂದ ಗರ್ಬಾ.

ನೊರ್ಟೇ ಆಗಲೇ ಟೋಪಿ ಎತ್ತಿಕೊಂಡಿದ್ದರು.

18, ಶುಕ್ರವಾರ, ಬೆಳಿಗ್ಗೆ 10.15. ಮನೆಯವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತೋಳು ತೋರಿಸಿ ಎಂದರು. ಸಿಡುಬಿನ ಲಸಿಕೆ ಚುಚ್ಚಿ ದಾಕು ಹಾಕುವವರು ಬಂದರೆ ಆ ಕೇರಿಯವರು ಗೋಡೆ ಹಾರಿ ಓಡುತ್ತಿದ್ದರು. ಈ ಮನೆಯಲ್ಲಿ ಹಸುಗೂಸಿನಿಂದ ಮುದುಕಿಯವರೆಗೆ ಹತ್ತೊಂಬತ್ತು ತೋಳಿನಲ್ಲೂ ದಾಕಿನ ಗುಳ್ಳೆ ಎದ್ದಿತ್ತು. ಎಲ್ಲವೂ ಒಂದೇ ದಿನದವು.

"ಯಾರು ಹಾಕಿದ್ದು?"

"ನಮ್ಮ ಮನೆಯವನೇ," ಎಂದಳು ಕೊರ್ಕೊಯ್. "ನಿಮ್ಮೋರು ಬಂದ್ರೆ ಓಡ್ತೀವಿ. ನನ್ನ ಹೊಟ್ಟೇಲಿ ಹುಟ್ಟಿದವನು ಕೇಳಿದ್ರೆ ತೋಳು ಕೊಡದೆ ಇರ್ತೀವಾ?"

"ಒಡೋಯ್ ನಿಮ್ಮ ಮಗನಾ?"

"ಹೆತ್ತವಳು ನಾನು. ಸಾಕಿದವಳು ದೆದೇಯ್."

ಒಂಬತ್ತು ಕೋಣೆಗಳ ನೆಲ ಕೆಂಪಗೆ ಒಣಗಿತ್ತು. ಹತ್ತನೆಯದು ದೆದೇಯ್ ಮಲಗುತ್ತಿದ್ದ ಕೋಣೆ. ಅದರ ಬಿರುಕುಗಳಲ್ಲಿ ಬಿಳಿ ಸುಣ್ಣ ಕಾಣುತ್ತಿತ್ತು. ಅಗೆದಾಗ ಆರಡಿ ಆಳದಲ್ಲಿ ಶವ ಸಿಕ್ಕಿತು. ಕ್ರಿಮಿ ಕೊಲ್ಲುವ ಕಾರ್ಬಾಲಿಕ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿತ್ತು. ಮೇಲೂ ಕೆಳಗೂ ಸುಣ್ಣ.

3.40ಕ್ಕೆ ಶೆಡ್ಡಿಗೆ ಹೋದಾಗ ಒಡೋಯ್ ಜಗಲಿಯ ಸಾಲಿಗೆ ನೀರು ಕುಡಿಸುತ್ತಿದ್ದ. ಇನ್‌ಸ್ಪೆಕ್ಟರ್ ಕೈಯಲ್ಲಿ ಬೇಡಿ ನೋಡಿದ.

"ಇನ್ನೂ ಹನ್ನೊಂದು ಜನ ಇದ್ದಾರೆ ಸಾರ್."

"ಮುಗಿಸು."

ಗರ್ಬಾ ಬಕೆಟ್ ಹಿಡಿದುಕೊಂಡ. ಹನ್ನೊಂದನೆಯವನು ಕುಡಿದ ಮೇಲೆ ದಸ್ತಗಿರಿ ಆಯಿತು.

ಒಡೋಯ್ ಏನನ್ನೂ ನಿರಾಕರಿಸಲಿಲ್ಲ. ಚಿಕ್ಕಮ್ಮನ ಮೈಮೇಲೆ ಗುಳ್ಳೆ ನೋಡಿ ಅಧಿಕಾರಿಗೆ ತಿಳಿಸಿದವನೂ ಅವನೇ. ವಾರದಲ್ಲಿ ಗುಣಪಡಿಸಿ ಮನೆಗೆ ತರುತ್ತೇನೆಂದು ಮಾತು ಕೊಟ್ಟು, 10ರಂದು ಬೆನ್ನ ಮೇಲೆ ಹೊತ್ತು ತಂದಿದ್ದ. ಮಂಚ ಸಿಗಲಿಲ್ಲ.

"ಮನೆಗೆ ಯಾವಾಗ ಅಂತ ದಿನಾ ಕೇಳೋಳು. ಮೂರು ಸಂಜೇನೂ ನಾಳೆ ಅಂದೆ. ಭಾನುವಾರ ಬಿಳಿಯರ ಆಸ್ಪತ್ರೇಲಿ ಗುಮಾಸ್ತನೊಬ್ಬನ ಹೆಬ್ಬೆರಳಿಗೆ ಪಟ್ಟಿ ಕಟ್ಟು ಅಂತ ಕರೆ ಬಂತು. ಹೋದೆ. ವಾಪಸ್ ಬಂದಾಗ ಅವಳ ಬಾಯಿ ತುಂಬಾ ನೊಣ."

ಕೊನೆಗೆ ಒಂದೇ ಕೇಳಿಕೊಂಡ: "ಯಾರಿಗೂ ಅಂಟದ ಹಾಗೆ ಮಾಡಿದೀನಿ ಸಾರ್. ಅಲ್ಲೇ ಬಿಟ್ಟುಬಿಡಿ."

ಆಳ, ಸುಣ್ಣ, ಲಸಿಕೆ ಎಲ್ಲ ಕ್ರಮಬದ್ಧವಾಗಿದೆ, ಶವವನ್ನು ಅಲ್ಲೇ ಬಿಡಬಹುದೇ ಎಂದು ನೊರ್ಟೇ ವೈದ್ಯಾಧಿಕಾರಿಗೆ ಬರೆದರು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. 19ರ ಬೆಳಿಗ್ಗೆ ಶವವನ್ನು ಎತ್ತಿ ಸ್ಮಶಾನದಲ್ಲಿ ಹೂಳಲಾಯಿತು. ನಾ ಕೊರ್ಕೊಯ್ ಅಳಲಿಲ್ಲ. ಪೊಲೀಸರು ಹೊರಟ ಮೇಲೆ ಅಂಗಳದ ಬಾಗಿಲು ಹಾಕಿದ ಸದ್ದು ಬೀದಿಯವರೆಗೆ ಕೇಳಿಸಿತು.

ಸುದ್ದಿ ಹೇಳಲು ನೊರ್ಟೇ ತಾವೇ ಲಾಕಪ್ಪಿಗೆ ಹೋದರು.

"ಎತ್ತಿದವರು ಯಾರು? ದಾಕು ಹಾಕಿಸಿಕೊಂಡವರೇ ತಾನೆ?" ಎಂದ ಒಡೋಯ್.

"ಹೌದು."

ಅವನು ಬೆರಳು ಮಡಚಿ ಲೆಕ್ಕ ಹಾಕಿದ.

"ಶೆಡ್ಡಲ್ಲಿ ನಾಲ್ಕು ದಿನ. ಮನೇಲಿ ಆರು ದಿನ." ತಲೆ ಎತ್ತಲಿಲ್ಲ. "ಆರು ದಿನ ಆದ್ರೂ ಮನೇಲಿದ್ಲು, ಅಲ್ವಾ ಸಾರ್?"

"ಇದ್ಲು," ಎಂದರು ನೊರ್ಟೇ.