ಅಂಗೈ ಬಿಚ್ಚಿಡಿ

ಯಂತ್ರವೇ ಕೆಟ್ಟಿರಬೇಕು ಎಂದು ಅವಳು ಮೊದಲು ಅಂದುಕೊಂಡಿದ್ದಳು. ಟ್ಯೂಬ್ ಒಡೆದುಹೋಯಿತೆಂದು ಸುಳ್ಳು ಹೇಳಿ ಮತ್ತೊಮ್ಮೆ ರಕ್ತ ತೆಗೆದದ್ದೂ ಆಯಿತು. ಈಗಲೂ ಅದೇ ಫಲಿತಾಂಶ. ಹಿಟ್ಟಿನ ಮಾಮನ ರಕ್ತದಲ್ಲಿ ಲ್ಯಾಕ್ಟೇಟ್ ಇರಬೇಕಾದ್ದಕ್ಕಿಂತ ದುಪ್ಪಟ್ಟು.

ಹಿಟ್ಟಿನ ಮಾಮ ಅಂದರೆ ಆ ಮಕ್ಕಳ ಆಸ್ಪತ್ರೆಯ ಆಹಾರ ತಜ್ಞ. ಹಸಿದರೆ ಪ್ರಜ್ಞೆ ತಪ್ಪುವ ಮಕ್ಕಳಿಗೆ ಕಾರ್ನ್‌ಫ್ಲೋರ್ ಕದಡಿದ ನೀರು ಕುಡಿಸುವುದು ಅವನ ಕೆಲಸ. ಮೊದಲ ಗುಟುಕು ತಾನೇ ಕುಡಿದು "ಆಹಾ!" ಎನ್ನುತ್ತಾನೆ, ಮಕ್ಕಳು ನಂಬುತ್ತಾರೆ. ಅವಳು ಮೇಲಿನ ಮಹಡಿಯ ವಿಜ್ಞಾನಿ, ಮಕ್ಕಳ ಪಾಲಿಗೆ ಸೂಜಿ ಅತ್ತೆ. ಒಬ್ಬ ಮಾಮ, ಒಬ್ಬಳು ಅತ್ತೆ. ಮಕ್ಕಳು ಸಂಬಂಧ ಕುದುರಿಸಿ ಎಷ್ಟೋ ಕಾಲವಾಗಿತ್ತು, ದೊಡ್ಡವರದ್ದೇ ತಡ.

ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿರುತ್ತವೆ. ಹುಟ್ಟಿನಿಂದಲೇ ಅವು ಸರಿಯಾಗಿ ಉರಿಯದಿದ್ದರೆ ರಕ್ತದಲ್ಲಿ ಹೊಗೆಯಂತೆ ಲ್ಯಾಕ್ಟೇಟ್ ತುಂಬುತ್ತದೆ, ಮಗು ಸೊರಗುತ್ತದೆ. ಅದನ್ನು ಕಂಡುಹಿಡಿಯಲು ಹಿಂದೆ ಪುಟ್ಟ ತೊಡೆಯಿಂದ ಸ್ನಾಯುವಿನ ಚೂರು ಕತ್ತರಿಸಬೇಕಿತ್ತು. ಅವಳು ವರ್ಷಗಟ್ಟಲೆ ದುಡಿದು ರೂಪಿಸಿದ ಪರೀಕ್ಷೆ ಬಂದಮೇಲೆ ಬಹಳ ಮಕ್ಕಳಿಗೆ ಸ್ವಲ್ಪ ರಕ್ತವೇ ಸಾಕಾಯಿತು. ಕೂರಲೂ ಆಗದೆ ಅಮ್ಮನ ಹೆಗಲೇರಿ ಬಂದಿದ್ದ ಒಬ್ಬ ಹುಡುಗಿ, ರೋಗ ಬೇಗ ತಿಳಿದು ತಕ್ಕ ವಿಟಮಿನ್ ಸಿಕ್ಕಿ, ಈಗ ಕಾರಿಡಾರಿನಲ್ಲಿ ಓಡಾಡಿ ಬೈಸಿಕೊಳ್ಳುತ್ತಾಳೆ. ಆ ಬೈಗುಳ ಕಿವಿಗೆ ಬಿದ್ದ ದಿನ ಸೂಜಿ ಅತ್ತೆಗೆ ಕಾಫಿಯೂ ಬೇಕಿರುವುದಿಲ್ಲ.

ಯಂತ್ರ ನೆಟ್ಟಗಿದೆಯೇ ಎಂದು ನೋಡಲು ಆಗಾಗ ಆರೋಗ್ಯವಂತರ ರಕ್ತ ಬೇಕು. ಸಿಬ್ಬಂದಿ ಸರದಿಯ ಮೇಲೆ ಕೊಡುತ್ತಾರೆ. ಈ ಸಲ ಅವನ ಸರದಿ ಬಂದಿತ್ತು, ಹೀಗಾಯಿತು.

ಇಂಥ ದೋಷ ತಾಯಿಯಿಂದಲೂ ಬರಬಹುದು. ಅವನಿಗಿದ್ದರೆ ಅವನ ತಂಗಿಗೂ ಇರಬಹುದು. ತಂಗಿ ತುಂಬು ಬಸುರಿ. ಮುಚ್ಚಿಡುವಂತಿಲ್ಲ, ಹೇಳಲು ನಾಲಿಗೆ ಏಳುತ್ತಿಲ್ಲ. ಕೊನೆಗೆ ಅವನನ್ನು ಲ್ಯಾಬಿಗೆ ಕರೆಸಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅವನ ಮುಖದ ನಗು ಮೆಲ್ಲಗೆ ಇಳಿಯಿತು. "ತಂಗಿಗೆ... ಮಗುಗೆ?"

"ಇನ್ನೂ ಏನೂ ಖಚಿತ ಇಲ್ಲ. ಇನ್ನೊಂದ್ಸಲ ನೋಡೋಣ."

"ಮೊದಲ ರಿಪೋರ್ಟ್ ಬಂದಾಗಿಂದ ಇದನ್ನ ಒಬ್ರೇ ಹೊತ್ಕೊಂಡು ಓಡಾಡ್ತಿದ್ರಾ?"

"ಹೇಳಿದ್ರೆ ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ."

"ಈಗ ನೋಡ್ತಿದ್ದೀರಲ್ಲ."

"ಎಲ್ಲಿ? ನಿಮ್ಮ ಶೂ ನೋಡ್ತಿದ್ದೀನಿ."

ಅಷ್ಟು ಭಯದಲ್ಲೂ ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಎಷ್ಟು ಬೇಕಾದದ್ದು ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಅವಳು ಸೂಜಿ ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಒಳಬಂದ ಹಿರಿಯ ನರ್ಸ್ ಅದನ್ನು ಕಸಿದುಕೊಂಡರು. "ಕೊಡಮ್ಮ, ನಾನು ತೆಗೀತೀನಿ. ನೀನು ಆಚೆ ಕೂತ್ಕೋ." ಅವನನ್ನು ಅರ್ಧ ಗಂಟೆ ಸುಮ್ಮನೆ ಮಲಗಿಸಿದರು. "ಅಂಗೈ ಬಿಚ್ಚಿಡಪ್ಪ, ಕೈ ಸಡಿಲ ಬಿಡು," ಎಂದು ಗದರಿ ರಕ್ತ ತೆಗೆದರು.

ಫಲಿತಾಂಶ ತೀರಾ ಸಾಧಾರಣವಾಗಿತ್ತು. ಲೋಕದಲ್ಲಿ ಅಷ್ಟು ಚೆಂದದ ಸಾಧಾರಣವನ್ನು ಅವಳು ಕಂಡಿರಲಿಲ್ಲ. ಅವನು "ಉಸ್ಸಪ್ಪಾ!" ಎಂದು ಕುರ್ಚಿಗೆ ಒರಗಿದ.

"ಮೊದಲೆರಡು ಸಲ ಯಾರು ತೆಗೆದದ್ದು?" ನರ್ಸ್ ಕೇಳಿದರು.

"ನಾನೇ, ಸಿಸ್ಟರ್."

"ಅಂಗೈ ಬಿಚ್ಚಿಡಿ ಅಂದ್ಯಾ?"

ಅವಳು ಗೋಡೆ ನೋಡಿದಳು. 'ಓಡಿ ಬಂದಿದ್ದರೆ ಕೂತು ಸುಧಾರಿಸಿಕೊಳ್ಳಿ. ಮುಷ್ಟಿ ಕಟ್ಟಬೇಡಿ.' ದಣಿದ, ಬಿಗಿದ ಸ್ನಾಯು ಲ್ಯಾಕ್ಟೇಟ್ ಏರಿಸುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿ, ದಪ್ಪಕ್ಷರದಲ್ಲಿ ಬರೆದು ಅಂಟಿಸಿದವಳೂ ಅವಳೇ.

"ನನಗೆ ವಾರ್ಡಲ್ಲಿ ರಾಶಿ ಕೆಲಸ ಇದೆಯಪ್ಪ," ಎಂದು ನರ್ಸ್ ಬಾಗಿಲು ಎಳೆದುಕೊಂಡು ಹೋದರು. ಅವರಿಗೆ ಆ ಹೊತ್ತಿನಲ್ಲಿ ಯಾವ ಕೆಲಸವೂ ಇರಲಿಲ್ಲ.

"ಮೆಟ್ಟಿಲು ಓಡಿ ಬಂದಿದ್ರಾ?" ಅವಳು ಕೇಳಿದಳು.

"ಲಿಫ್ಟ್ ನಿಧಾನ ರೀ. ನೀವು ಕರೆದಿದ್ರಿ, ಕಾಯೋಕಾಗುತ್ತಾ?"

"ಎರಡು ಸಲಾನೂ?"

"ಎರಡು ಸಲಾನೂ."

"ಸರಿ, ಮುಷ್ಟಿ ಯಾಕೆ ಕಟ್ಟಿದ್ರಿ?"

ಅವನು ಕಿವಿ ಕೆರೆದುಕೊಂಡ. "ನೀವು ನನ್ನ ಕೈ ಹಿಡ್ಕೊಂಡಿದ್ರಿ. ಮುಷ್ಟಿ ಬಿಚ್ಚಿದ್ರೆ ನಾನೂ ಹಿಡಿದುಬಿಡ್ತೀನೇನೋ ಅಂತ ಭಯ."

ಅವಳ ಕೆನ್ನೆ ಬಿಸಿಯಾಯಿತು. ಮಾತು ತಪ್ಪಿಸಬಹುದಿತ್ತು, ತಪ್ಪಿಸಲಿಲ್ಲ. "ನಾನ್ಯಾಕೆ ಬಿಚ್ಚಿ ಅನ್ನಲಿಲ್ಲ ಗೊತ್ತಾ? ನಿಮ್ಮ ಮೀಸೇಲಿ ಕಾರ್ನ್‌ಫ್ಲೋರ್ ಮೆತ್ತಿತ್ತು. ಒರೆಸ್ಲಾ ಬೇಡ್ವಾ ಅಂತ ಯೋಚಿಸ್ತಾ ಬಾಕಿದ್ದೆಲ್ಲ ಮರೆತೇಹೋಯ್ತು."

"ಎರಡು ಸಲಾನೂ?"

"ನಿಮ್ಮ ಮೀಸೇಲಿ ಅದು ದಿನಾ ಇರುತ್ತೆ ಕಣ್ರೀ. ಇವತ್ತೂ ಇದೆ."

"ಹಾಗಾದ್ರೆ ಒರೆಸಿ."

ಅವಳು ಹತ್ತಿರ ಬಂದು, ಸೆರಗಿಗೂ ಟಿಶ್ಯೂಗೂ ಕಾಯದೆ, ಹೆಬ್ಬೆರಳಿನಿಂದಲೇ ಮೆಲ್ಲಗೆ ಒರೆಸಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ.

"ಇನ್ಮೇಲೆ ಈ ಪರೀಕ್ಷೆಗೆ ನಿಮ್ಮ ರಕ್ತ ಬೇಡ. ನಂಬೋಕಾಗಲ್ಲ," ಎಂದಳು.

"ರಕ್ತ ಬಿಡಿ. ನನ್ನನ್ನ ನಂಬಬಹುದಾ?"

ಅವಳು ಎದುರು ಸ್ಟೂಲ್ ಎಳೆದು ಕೂತು, ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದಳು, "ಅಂಗೈ ಬಿಚ್ಚಿಡಿ, ಮಾಮ."

ಅವನು ಬಿಚ್ಚಿದ. ಅವಳು ಅದರಲ್ಲಿ ತನ್ನ ಕೈಯಿಟ್ಟಳು.

"ಹೂಂ. ಈಗ ಬೇಕಾದ್ರೆ ಮುಷ್ಟಿ ಕಟ್ಟಿ."