ಮೂಗಿಗೆ ಮಾತ್ರ ಸಿಹಿ

ಬುಧವಾರ ಬೆಳಿಗ್ಗೆ ೯.೪೦ಕ್ಕೆ ಆಲಂಕಾರು ಊರಿನ ಉದಯ ಪೊಲೀಸ್ ಠಾಣೆಗೆ ಬಂದ. ಕೈಯಲ್ಲಿ ದೂರು, ಬಾಯಲ್ಲಿ ಬೆಂಕಿ. ರಿಕ್ಷಾ ಓಡಿಸುತ್ತಿದ್ದ ಅವನ ಅಣ್ಣ ಕುಕ್ಕಪ್ಪ ಹಿಂದಿನ ದಿನ ಮಧ್ಯಾಹ್ನ ಊಟದ ಜೊತೆ ಒಂದು ಲೋಟ ವೈನ್ ಕುಡಿದು, ಮುಖವೆಲ್ಲ ಕೆಂಪೇರಿ, ವಾಂತಿ ಮಾಡಿ, ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದ. ವೈನ್ ತಂದವನು ಹಡಗಿನಲ್ಲಿ ಕೆಲಸಕ್ಕಿರುವ ಕುಕ್ಕಪ್ಪನ ಮಗ ಮೋಕ್ಷಿತ್.

“ಅವನೇ ಎಂತದೋ ಬೆರೆಸಿದ್ದು ಮೇಡಂ. ಅಪ್ಪ ಕುಡಿದು ಬಂದು ಗಲಾಟೆ ಮಾಡುದು ಅವನಿಗೆ ಆಗ್ತಿರಲಿಲ್ಲ.”

ಸಬ್ ಇನ್ಸ್‌ಪೆಕ್ಟರ್ ರಿಝ್ವಾನಾ ಎಫ್‌ಐಆರ್ ಬರೆಸಿದರು. ಮಗ ಹೆತ್ತ ತಂದೆಗೆ ವಿಷ ಹಾಕುವುದೆಂದರೆ! ಆರು ವರ್ಷದ ಸರ್ವೀಸಿನಲ್ಲಿ ಇಂಥದ್ದೊಂದು ದೂರು ಅವರ ಮೇಜಿಗೆ ಬಂದಿರಲಿಲ್ಲ.

೧೧.೧೫ಕ್ಕೆ ಮನೆಯಲ್ಲಿ ಪಂಚನಾಮೆ. ಅರ್ಧ ಉಳಿದ ಬಾಟಲಿಗೆ ಮೊಹರು ಹಾಕುವಾಗ ಮಹಿಳಾ ಕಾನ್‌ಸ್ಟೇಬಲ್ ಯಶಸ್ವಿ, “ಅಬ್ಬಾ, ಮಲ್ಲಿಗೆಯ ಪರಿಮಳ ಮೇಡಂ” ಎಂದಳು. ಕುಕ್ಕಪ್ಪನ ಹೆಂಡತಿ ಶೀಲಾವತಿ ಬಾಗಿಲು ಹಿಡಿದು ನಿಂತಿದ್ದಳು.

“ಬಾಟಲಿಯಲ್ಲಿ ಎಂತದೂ ಇರಲಿಲ್ಲ ಮೇಡಂ. ನಾನೂ ಅರ್ಧ ಲೋಟ ಕುಡಿದಿದ್ದೇನೆ.”

“ಹೇಗಿತ್ತು?”

“ಸಿಹಿ. ಪಾಯಸದ ಹಾಗೆ. ನನ್ನ ಮಗನನ್ನು ಬಿಡಿ.”

ಬಿಡುವ ಹಾಗಿರಲಿಲ್ಲ. ೧.೧೦ಕ್ಕೆ ಠಾಣೆಯಲ್ಲಿ ಮೋಕ್ಷಿತನ ವಿಚಾರಣೆ.

“ಇದು ಎಂತ ವೈನ್?”

“ಅರ್ಜೆಂಟೀನಾದ್ದು ಮೇಡಂ, ತೊರೊಂತೆಸ್. ನಮ್ಮ ಕುಮಾರಪರ್ವತದಷ್ಟು ಎತ್ತರದಲ್ಲಿ ಬೆಳೆಯುವ ಬಿಳಿ ದ್ರಾಕ್ಷಿ. ಮಳೆಯೇ ಇಲ್ಲದ ಜಾಗ. ನಮಗೆ ಒಂದು ವಾರ ಬೀಳುವ ಮಳೆ ಅವರಿಗೆ ಇಡೀ ವರ್ಷಕ್ಕೆ.”

“ರುಚಿ?” ರಿಝ್ವಾನಾ ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ಕೇಸ್ ಡೈರಿಗೆ ಬೇಕಲ್ಲ ಎಂದು ಕೇಳಿದ್ದು, ಅಷ್ಟೇ.

“ಅದೇ ಮಜಾ ಇರುದು ಮೇಡಂ. ಮೂಸಿದವರೆಲ್ಲ ಸಿಹಿ ಅಂತ ಎಣಿಸುದು. ಬಾಯಿಗೆ ಹಾಕಿದರೆ ಒಂಚೂರೂ ಸಿಹಿ ಇಲ್ಲ, ಕೊನೆಗೆ ಸ್ವಲ್ಪ ಕಹಿಯೇ ಉಂಟು. ಹಡಗಿನ ಬಾರಿನಲ್ಲಿ ದಿನಾ ನೋಡ್ತೇನೆ, ಮೋಸ ಹೋಗದವರಿಲ್ಲ.”

ರಿಝ್ವಾನಾರ ಪೆನ್ನು ನಿಂತಿತು. ಯಾ ಅಲ್ಲಾಹ್! ಹಾಗಾದರೆ ತಾಯಿ ಕುಡಿದೇ ಇಲ್ಲ. ಮಗನಿಗಾಗಿ ಸುಳ್ಳು ಹೇಳಿದಳು, ಸರಿ. ಆದರೆ ಕುಡಿಯದವಳು ಬಾಟಲಿಯಲ್ಲಿ ಏನೂ ಇಲ್ಲವೆಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಹೇಗೆ? ಕೇಡು ಬೇರೆಲ್ಲೋ ಇದೆಯೆಂದು ಗೊತ್ತಿರಬೇಕು. ಎದುರಿಗೆ ಕೂತ ಹುಡುಗನಿಗೆ ತಾನೇನು ಹೇಳಿಬಿಟ್ಟೆನೆಂಬ ಅರಿವಿರಲಿಲ್ಲ. ಅವನ ಮುಖ ನೋಡಲು ಅವರಿಗೆ ಧೈರ್ಯ ಬರಲಿಲ್ಲ.

೨.೫೦ಕ್ಕೆ ಅಡುಗೆಮನೆ ಹುಡುಕಿದರು. ಜೀರಿಗೆ ಡಬ್ಬಿಯೊಳಗೆ ತಯಾರಕರ ಹೆಸರು ವಿಳಾಸವಿಲ್ಲದ ಒಂದು ಪೊಟ್ಟಣ ಸಿಕ್ಕಿತು. ಮೇಲೆ ಹೀಗೆ ಅಚ್ಚಾಗಿತ್ತು: ‘ಕುಡಿತ ಬಿಡಿಸುವ ಪುಡಿ. ಒಂದು ಚಿಟಿಕೆ ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ. ಕುಡಿದರೆ ವಾಂತಿಯಾಗುತ್ತದೆ.’ ಇಂಥ ಪುಡಿ ಹೊಟ್ಟೆಯಲ್ಲಿರುವಾಗ ಮದ್ಯ ಬಿದ್ದರೆ ದುರ್ಬಲ ಹೃದಯ ನಿಂತೇ ಹೋಗಬಹುದು, ಖಚಿತವಾಗಿ ಹೇಳಲು ಲ್ಯಾಬ್ ವರದಿ ಬರಬೇಕು ಎಂದರು ಪುತ್ತೂರಿನ ಡಾಕ್ಟರು ಫೋನಿನಲ್ಲಿ.

ರಿಝ್ವಾನಾ ಪೊಟ್ಟಣವನ್ನು ಶೀಲಾವತಿಯ ಮುಂದೆ ಹಿಡಿದರು.

“ಎಷ್ಟು ಹಾಕಿದ್ದು?”

“ಒಂದು ಚಮಚ. ಭಾನುವಾರ ಮೋಕ್ಷಿತನನ್ನು ನೋಡ್ಲಿಕ್ಕೆ ಹುಡುಗಿ ಕಡೆಯವರು ಬರುದು. ಅವರೆದುರು ಇವರು ಒಂದು ದಿನ ನೆಟ್ಟಗೆ ನಿಲ್ಲಲಿ ಅಂತ. ಸಾಯ್ತಾರೆ ಅಂತ ಅದರಲ್ಲಿ ಬರೆದಿರಲಿಲ್ಲ ಮೇಡಂ.”

ಇಪ್ಪತ್ತಾರು ವರ್ಷ ಗಂಡನನ್ನು ರಸ್ತೆಬದಿಯಿಂದ ಎತ್ತಿ ತಂದವಳು ಆಕೆ. ಕೊಲ್ಲಬೇಕೆಂದಿರಲಿಲ್ಲ, ಮಗನ ಮದುವೆ ಮಾತು ಮುರಿಯಬಾರದು ಎಂದಷ್ಟೇ ಇತ್ತು ಎಂದು ರಿಝ್ವಾನಾ ಡೈರಿಯಲ್ಲಿ ಬರೆದರು.

೪.೨೦ಕ್ಕೆ ಠಾಣೆಯಲ್ಲಿ ಬಂಧನ. ಮೆಮೋಗೆ ಹತ್ತಿರದ ಸಂಬಂಧಿಕರ ಸಹಿ ಬೇಕು. ಆಗಷ್ಟೇ ಬಿಡುಗಡೆಯಾದ ಮೋಕ್ಷಿತನೇ ಪೆನ್ನು ಹಿಡಿದ. ಸಹಿ ಹಾಕದೆ ತಾಯಿಯ ಕಡೆ ತಿರುಗಿದ.

“ನಾನು ಲೋಟಕ್ಕೆ ಸುರಿಯುವಾಗ ನೀನು ಅಲ್ಲೇ ಇದ್ದಿಯಲ್ಲ ಅಮ್ಮ. ಬೇಡ ಅಂತ ಯಾಕೆ ಹೇಳಲಿಲ್ಲ?”

“ಒಂದು ವಾಂತಿ ಆಗಬಹುದು, ಅಷ್ಟೇ ಅಂತ ಎಣಿಸಿದೆ ಮಗಾ. ನೀನು ಅಷ್ಟು ದೂರದಿಂದ ತಂದದ್ದು. ಬೇಡ ಹೇಳಿದರೆ ನಿನಗೆ ಬೇಸರ ಆಗ್ತಿತ್ತಲ್ಲ.”